ಓರಗಿತ್ತಿಯರ ರಸಪ್ರಶ್ನೆ

"ಗುರುಗಳೇ, ಗುರುಬಸವನೊಡನೆ ನಾನು ಮಾತು ಬಿಟ್ಟಿದ್ದೇನೆ. ಮನಸ್ಸಿನಿಂದಲೂ ಅವನನ್ನು ತೆಗೆದುಹಾಕಿದ್ದೇನೆ. ಇದು ವೈರಾಗ್ಯವಲ್ಲವೇ?" ಎಂದು ರೇಣುಕನೆಂಬ ಶಿಷ್ಯ ಕೇಳಿದ. ಅವನೂ ಗುರುಬಸವನೂ ಮಠದಲ್ಲಿ ಒಂದೇ ಕೋಣೆಯಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಣ್ಣುವವರು.

ಗುರು ಕತೆ ಹೇಳಿದರು.

ಒಂದು ಊರಿನಲ್ಲಿ ಇಬ್ಬರು ಓರಗಿತ್ತಿಯರಿದ್ದರು. ಹಿರಿಯಳು ಚೆನ್ನಾಜಮ್ಮ, ಕಿರಿಯಳು ಸರ್ವಮಂಗಳೆ. ಯಾವುದೋ ಮದುವೆಯಲ್ಲಿ ಹಿರಿಯಳು, "ನಿನ್ನ ತವರಿನ ಹೋಳಿಗೆ ಹರಿಯುವುದಕ್ಕೆ ಕತ್ತರಿ ಬೇಕು" ಎಂದಿದ್ದಳು. ಅಂದಿನಿಂದ ಒಂದೇ ಮನೆಯಲ್ಲಿ ಎರಡು ಒಲೆಯಾಯಿತು, ನಡುವೆ ಗೋಡೆ ಎದ್ದಿತು. ಹೇಳಲೇಬೇಕಾದದ್ದಿದ್ದರೆ ಇಬ್ಬರೂ ಜಗಲಿಯ ಕಂಬಕ್ಕೆ ಹೇಳುತ್ತಿದ್ದರು.

ಹೀಗಿರುವಾಗ ಒಂದು ಟಿವಿ ವಾಹಿನಿಯವರು ಊರಿಗೆ ಬಂದರು. ಹೊಸದೊಂದು ರಸಪ್ರಶ್ನೆಯ ಆಟ ಶುರುಮಾಡಬೇಕು, ಮೊದಲ ಕಂತನ್ನು ಪರೀಕ್ಷೆಗೆಂದು ಇಲ್ಲಿಯೇ ಚಿತ್ರಿಸುತ್ತೇವೆ ಎಂದರು. ಒಂದೇ ಮನೆಯ ಇಬ್ಬರು ಜೋಡಿಯಾಗಿ ಬರಬೇಕು. ಒಬ್ಬರ ವಿಷಯವನ್ನು ಇನ್ನೊಬ್ಬರಿಗೆ ಕೇಳುತ್ತಾರೆ. ಉತ್ತರ ತಾಳೆಯಾದರೆ ಗೆಲುವು. ಬಹುಮಾನ ಹಿಟ್ಟು ರುಬ್ಬುವ ಯಂತ್ರ.

ಸರ್ವಮಂಗಳೆಗೆ ಯಂತ್ರದ ಮೇಲೆ ಆಸೆಯಾಯಿತು. ಒರಳು ತಿರುಗಿಸಿ ಅವಳ ತೋಳು ಸೋತಿತ್ತು. ಆದರೆ ಗಂಡ ಕ್ಯಾಮೆರಾ ಎಂದರೆ ಬೆವರುವವನು. ಅವನ ಅಣ್ಣ ಅವನಿಗಿಂತ ಹೆಚ್ಚು ಬೆವರುವವನು. ಅವಳು ಆಸೆ ಕೈಬಿಟ್ಟಳು. ಸಂಜೆ ಜಗಲಿಯಿಂದ ಚೆನ್ನಾಜಮ್ಮನ ದನಿ ಕೇಳಿಸಿತು: "ಎಲೈ ಕಂಬವೇ, ಯಂತ್ರ ಬೇಕಾದವರು ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಸಿದ್ಧವಾಗಿರಲಿ."

ಗೆದ್ದರೆ ಯಂತ್ರವನ್ನು ಯಾರ ಒಲೆಯ ಬಳಿ ಇಡುವುದೆಂದು ಇಬ್ಬರೂ ಕಂಬವನ್ನು ಕೇಳಲಿಲ್ಲ.

ಎದುರು ಜೋಡಿ ಹೊಸದಾಗಿ ಮದುವೆಯಾದವರು. ಒಬ್ಬರ ಕೈ ಒಬ್ಬರು ಬಿಡದವರು. ಹೆಂಡತಿಗೆ ಮಲ್ಲಿಗೆಯೆಂದರೆ ಪ್ರಾಣ ಎಂದ ಗಂಡ. ಮಲ್ಲಿಗೆಯಿಂದ ತನಗೆ ತಲೆನೋವು ಎಂದಳು ಹೆಂಡತಿ. ಅವರು ಅಲ್ಲಿಗೇ ಸೋತರು.

ಈಗ ಚೆನ್ನಾಜಮ್ಮನ ಕಿವಿಗೆ ಹಾಡು ಹಾಕಿ ಮುಚ್ಚಿದರು. ಅವಳಿಗೆ ಯಾವುದರ ಭಯ ಎಂದು ಸರ್ವಮಂಗಳೆಯನ್ನು ಕೇಳಿದರು. "ಗುಡುಗಿನದು. ಗುಡುಗಿದರೆ ಹಿತ್ತಲ ಬಾಗಿಲು ಹಾಕಿಕೊಂಡು ಅರ್ಜುನನ ಹೆಸರು ಜಪಿಸುತ್ತಾರೆ" ಎಂದಳು. ಕದ್ದು ತಿನ್ನುವುದೇನು? "ಹುಣಸೆಹಣ್ಣಿಗೆ ಬೆಲ್ಲ ಕುಟ್ಟಿದ್ದು." ಎಲ್ಲವೂ ತಾಳೆಯಾಯಿತು. ತನಗೆ ಇಷ್ಟೆಲ್ಲ ಗೊತ್ತಿದೆಯೆಂದು ಸರ್ವಮಂಗಳೆಗೇ ಗೊತ್ತಿರಲಿಲ್ಲ.

ಕಡೆಯ ಪ್ರಶ್ನೆ ಹಿರಿಯಳಿಗೆ. ಸರ್ವಮಂಗಳೆಯ ಕಿವಿ ಮುಚ್ಚಿದರು. ಚೆನ್ನಾಜಮ್ಮ ಏನನ್ನೋ ಹೇಳಿ ಸೆರಗಿನಿಂದ ಕಣ್ಣೊತ್ತಿಕೊಂಡದ್ದಷ್ಟೇ ಅವಳಿಗೆ ಕಂಡಿತು. ಕಿವಿ ತೆರೆದು ಕೇಳಿದರು: "ನೀವು ಅಳುವುದು ಯಾವಾಗ?"

ಅವಳು ತಲೆ ತಗ್ಗಿಸಿದಳು. "ಅಮ್ಮ ತೀರಿಕೊಂಡ ದಿನ ಬಂದಾಗ. ಯಾರಿಗೂ ತಿಳಿಯದಿರಲೆಂದು ಈರುಳ್ಳಿ ಹೆಚ್ಚುತ್ತ ಅಳುತ್ತೇನೆ."

ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಹಿರಿಯಳು ಹೇಳಿದ್ದೂ ಅದನ್ನೇ.

"ಅಕ್ಕಾ, ನಿಮಗೆ ಹೇಗೆ ತಿಳಿಯಿತು?"

"ಆ ದಿನ ನೀನು ಈರುಳ್ಳಿ ಹೆಚ್ಚುತ್ತೀಯ, ಆದರೆ ಒಗ್ಗರಣೆಯ ವಾಸನೆ ಬರುವುದಿಲ್ಲ ಕಣೇ. ಗೋಡೆಯ ಈಚೆ ಕೂತು ನನಗೂ ಊಟ ಸೇರುವುದಿಲ್ಲ."

ಇಬ್ಬರೂ ಅತ್ತರು. ಆಮೇಲೆ ನಗು ಬಂತು, ನಿಲ್ಲಲಿಲ್ಲ. ಕ್ಯಾಮೆರಾದವನೂ ನಕ್ಕು ಚಿತ್ರ ಅಲುಗಾಡಿತು.

ಆದರೆ ವಾಹಿನಿಯ ಯಜಮಾನರಿಗೆ ಆಟ ಹಿಡಿಸಲಿಲ್ಲ. ಎರಡನೆಯ ಕಂತು ಹುಟ್ಟಲೇ ಇಲ್ಲ. ಮೊದಲನೆಯದೂ ಪ್ರಸಾರವಾಗಲಿಲ್ಲ. ಯಂತ್ರವೂ ಬರಲಿಲ್ಲ. ಟಿವಿಯ ಮುಂದೆ ಕಾದು ಕುಳಿತ ಕೇರಿಯವರು ಸಪ್ಪಗಾಗಿ ಎದ್ದುಹೋದರು.

"ನಮ್ಮನ್ನು ಯಾರೂ ನೋಡಲಿಲ್ಲವಲ್ಲ ಅಕ್ಕಾ" ಎಂದಳು ಸರ್ವಮಂಗಳೆ.

"ನಾನು ನಿನ್ನನ್ನು ನೋಡಿದೆ. ನೀನು ನನ್ನನ್ನು ನೋಡಿದೆ. ಇನ್ನು ಊರು ನೋಡಿ ಆಗಬೇಕಾದದ್ದೇನು? ಏಳು, ಹೂರಣ ರುಬ್ಬೋಣ."

ಒಬ್ಬಳು ಒರಳು ತಿರುಗಿಸಿದಳು, ಒಬ್ಬಳು ಬೇಳೆ ಹಾಕಿದಳು. ಸಪ್ಪಗೆ ಹೋದ ಕೇರಿಯವರು ಹೋಳಿಗೆಯ ವಾಸನೆಗೆ ಹಿಂದಿರುಗಿ ಬಂದರು. ಜಗಲಿಯ ಮೇಲೆ ಅದೇ ಆಟ ಆಡೋಣವೆಂದು ಯಾರೋ ಹೇಳಿದರು. ಅತ್ತೆ ಸೊಸೆಯರು ಕುಳಿತರು, ವರ್ಷಗಟ್ಟಲೆ ಬೇಲಿಗಾಗಿ ಜಗಳವಾಡಿದ ನೆರೆಯವರೂ ಕುಳಿತರು. ಪ್ರತಿ ಹಬ್ಬಕ್ಕೂ ಆ ಜಗಲಿಯಲ್ಲಿ ನಗು ಏಳತೊಡಗಿತು. ಟಿವಿಯಲ್ಲಿ ಬಾರದ ಆಟ ಆ ಕೇರಿಯಲ್ಲಿ ಇಂದಿಗೂ ನಡೆಯುತ್ತಿದೆ.

ಕತೆ ಮುಗಿಯಿತು. ರೇಣುಕ ಮನಸಾರೆ ನಕ್ಕ. "ಚೆನ್ನಾಗಿದೆ ಗುರುಗಳೇ. ಆದರೆ ಅವರಂತಲ್ಲ ನಾನು. ನನ್ನ ಮನಸ್ಸಿನಲ್ಲಿ ಗುರುಬಸವನಿಲ್ಲ."

ಗುರು ಕೇಳಿದರು: "ಗುರುಬಸವ ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳುತ್ತಾನೋ ಇಲ್ಲವೋ?"

"ಹಾಕಿಕೊಳ್ಳುತ್ತಾನೆ, ಎರಡು ಚಿಟಿಕೆ" ಎಂದುಬಿಟ್ಟ ರೇಣುಕ. ಆಮೇಲೆ ನಾಲಿಗೆ ಕಚ್ಚಿಕೊಂಡ.