ಸ್ವಾಗತ ಗೀತೆ

ಆಲದ ಮರದ ಶಾಲೆಯಲ್ಲಿ ಅದು ಎಂದಿನಂಥದೇ ಬೆಳಗು. ಮರಿಗಳಿಗೆ ಹಕ್ಕಿಗಳ ಭಾಷೆ, ಆಚಾರ ಕಲಿಸುವ ಹೊಸ ಜಾಲತಾಣವನ್ನು ಶಾಲೆಗೆ ಗೊತ್ತುಮಾಡಲು ತನಿಖಾಧಿಕಾರಿ ಗಿಳಿ ಬಂದಿತ್ತು. ಟೀಚರ್ ಗೊರವಂಕ ಒಪ್ಪುವುದೊಂದೇ ಬಾಕಿ.

"ಚಿತ್ರ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ, ಎಲ್ಲಿಯೂ ತಡೆಯದೆ ಓಡುತ್ತದೆ. ಇನ್ನೇನು ನೋಡುವುದಿದೆ, ಟೀಚರಮ್ಮ?" ಎಂದಿತು ಗಿಳಿ.

"ಒಳಗೆ ಏನು ಹೇಳಿದೆ ಎಂದು ಕೇಳಬೇಕಲ್ಲ, ರಾಯರೇ."

"ನೀವು ಮೊಸರಿನಲ್ಲಿ ಕಲ್ಲು ಹುಡುಕುವವರು. ಮರಿಗಳು ವಾರದಿಂದ ತಮ್ಮ ಗೂಡುಗಳಲ್ಲಿ ಇದರಲ್ಲೇ ಕಲಿಯುತ್ತಿವೆ. ಅತಿಥಿ ಬಂದಾಗ ಗೊರವಂಕಗಳು ಹಾಡುವ ಸ್ವಾಗತ ಗೀತೆಯಂತೂ ಎಲ್ಲಕ್ಕೂ ಬಾಯಿಪಾಠ. ಕೇಳಿ."

ಗಿಳಿ ಕೊಕ್ಕಿನಿಂದ ಗುಂಡಿ ಒತ್ತಿತು. ಗೊರವಂಕ ಆ ದನಿಯನ್ನು ತಕ್ಷಣ ಗುರುತಿಸಿತು. ಹೋದ ಬೇಸಿಗೆಯಲ್ಲಿ ಗಿಡುಗವೊಂದು ತನ್ನ ಮರಿಯನ್ನು ಗೂಡಿನಿಂದ ಎತ್ತಿಕೊಂಡು ಹೋದಾಗ ತಾನೇ ಕೂಗಿದ ಕೂಗು ಅದು. ಮರದ ಕೆಳಗೆ ಯಾರೋ ನಿಂತು ಅದನ್ನು ಹಿಡಿದಿಟ್ಟುಕೊಂಡಿದ್ದರು. ಅರ್ಥ ಕೇಳದೆ ಹೆಸರಿಟ್ಟಿದ್ದರು.

"ರಾಯರೇ, ಇದು ಸ್ವಾಗತವಲ್ಲ. ಗಿಡುಗ ಬಂತು, ಅಡಗಿಕೊಳ್ಳಿ ಎನ್ನುವ ಕೂಗು."

"ಇದ್ದೀತು. ಇಂಪಾಗಿದೆಯಲ್ಲ," ಎಂದಿತು ಗಿಳಿ.

ಅಷ್ಟರಲ್ಲಿ ಎಲೆಗಳ ಮೇಲಿನ ಬಿಸಿಲಿಗೆ ಅಗಲವಾದ ನೆರಳೊಂದು ಅಡ್ಡ ಬಂತು. ಗೊರವಂಕ ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿತು. ಗಿಳಿ ಮಾತು ಬಿಟ್ಟು ಪೊಟರೆಯೊಳಗೆ ನುಗ್ಗಿತು. ಗೊರವಂಕ ಮತ್ತೆ ಕೂಗಿತು, ಗಂಟಲು ಬಿರಿಯುವಂತೆ ಕೂಗಿತು.

ಮರಿಗಳು ಒಂದೊಂದಾಗಿ ಗೂಡಿನಿಂದ ಹೊರಗೆ ಬಂದು, ಕೊಂಬೆಯ ತುದಿಯಲ್ಲಿ ಸಾಲಾಗಿ ನಿಂತು, ತಲೆ ಬಾಗಿಸಿದವು.