ಎರೆಹುಳುವಿನ ಕೊರಳ ಪಟ್ಟಿ

ಭೂಮಿ ಇನ್ನೂ ಎಳೆಗೂಸಾಗಿದ್ದ ಕಾಲವದು, ಮಗು. ಆಗ ಗಾಳಿಯೂ ಮಾತಾಡುತ್ತಿತ್ತು, ಹಳ್ಳವೂ ಮಾತಾಡುತ್ತಿತ್ತು, ಮಣ್ಣೊಳಗಿನ ಹುಳುವೂ ಮಾತಾಡುತ್ತಿತ್ತು.

ಒಂದು ಇಳಿಜಾರಿನ ಹೊಲದಲ್ಲಿ ಮಾಳವ್ವ ಮತ್ತು ಅವಳ ಗಂಡ ಬರಮಣ್ಣ ಜೋಳ ಬೆಳೆಯುತ್ತಿದ್ದರು. ಜೋಳ ಕೊಯ್ದ ಮೇಲೆ ಮಣ್ಣು ಬೆತ್ತಲೆ ಬಿದ್ದಿರಬಾರದೆಂದು ಮಾಳವ್ವ ಹುರುಳಿ ಚೆಲ್ಲುತ್ತಿದ್ದಳು. ಬಳ್ಳಿ ಹಬ್ಬಿ ಹೊಲಕ್ಕೆಲ್ಲ ಕೌದಿ ಹೊದಿಸಿದಂತಾಗುತ್ತಿತ್ತು. ಬಿತ್ತನೆಗೆ ಮುಂಚೆ ಬರಮಣ್ಣ ಅದನ್ನು ಆಳವಾಗಿ ಉತ್ತು ಮಗುಚಿಹಾಕುತ್ತಿದ್ದ. ಉತ್ತಷ್ಟೂ ಒಳ್ಳೆಯದೆಂದು ಅವನ ನಂಬಿಕೆ.

ಆದರೆ ಉತ್ತ ಮಣ್ಣನ್ನು ಗಾಳಿ ಹೊತ್ತೊಯ್ಯುತ್ತಿತ್ತು. ಉಳಿದದ್ದನ್ನು ಹಳ್ಳ ಒಯ್ಯುತ್ತಿತ್ತು. ವರ್ಷ ವರ್ಷಕ್ಕೂ ಹೊಲ ಸೊರಗಿತು, ತೆನೆ ಚಿಕ್ಕದಾಯಿತು. ಮಾಳವ್ವ ಹಳ್ಳದ ದಂಡೆಗೆ ಹೋಗಿ, ನನ್ನ ಮಣ್ಣನ್ನು ಯಾಕೆ ಒಯ್ಯುತ್ತೀಯೆಂದು ಕೇಳಿದಳು. ತಾನೇನೂ ಬೇಡಿ ತಂದದ್ದಲ್ಲ, ಹಿಡಿದುಕೊಳ್ಳುವವರಿಲ್ಲದ ಮಣ್ಣು ತಾನಾಗಿ ಜಾರಿ ಬರುತ್ತದೆ ಎಂದು ಹಳ್ಳ ನೊಂದುಕೊಂಡಿತು.

ಮಾರನೆಯ ದಿನ ಮಾಳವ್ವ ಬರಮಣ್ಣನ ನೇಗಿಲ ಹಿಂದೆ ನಡೆಯುವಾಗ ಸಾಲಿನಲ್ಲೊಂದು ಎರೆಹುಳು ಒದ್ದಾಡುತ್ತಿತ್ತು. ನೇಗಿಲು ತಾಗಿ ಕೊರಳು ಸೀಳಿತ್ತು. ಮಾಳವ್ವ ಬಗ್ಗಿ ಅದನ್ನು ಅಂಗೈಗೆ ಎತ್ತಿಕೊಂಡಳು. ಸೆರಗಿನ ಅಂಚು ಹರಿದು ಗಾಯಕ್ಕೆ ಮೆತ್ತಗೆ ಸುತ್ತಿದಳು.

“ಅವ್ವಾ, ಮಣ್ಣು ಹಿಡಿದುಕೊಳ್ಳುವವರು ನಾವೇ,” ಎಂದಿತು ಹುಳು. “ನಿನ್ನ ಹುರುಳಿ ತಿಂದು ಮಣ್ಣನ್ನು ಕಾಳು ಕಾಳಾಗಿ ಕಟ್ಟುತ್ತೇವೆ, ನೀರಿಗೆ ದಾರಿ ಕೊರೆಯುತ್ತೇವೆ. ವರ್ಷವೂ ಮನೆ ಮಗುಚಿದರೆ ಎಲ್ಲಿರೋಣ? ನಾಳೆ ನಾವೆಲ್ಲ ಹೊರಟುಹೋಗುತ್ತೇವೆ.”

“ಹೋಗಬೇಡ ಕೂಸೇ. ಇನ್ನು ಮೇಲೆ ಬಳ್ಳಿಯನ್ನು ಕೊಯ್ದು ಮಣ್ಣ ಮೇಲೆಯೇ ಮಲಗಿಸುತ್ತೇನೆ. ಕುಂಟೆಯಲ್ಲಿ ಚೂರೇ ಚೂರು ಕೆರೆದು ಬಿತ್ತುತ್ತೇನೆ.”

ಬರಮಣ್ಣ ಗೊಣಗುತ್ತಲೇ ಒಪ್ಪಿದ. ಮೊದಲ ವರ್ಷ ಕಳೆ ಎದ್ದು ಜೋಳವನ್ನೇ ಮುಚ್ಚಿತು. ಅವನು ಮುಖ ಊದಿಸಿಕೊಂಡು ನೇಗಿಲು ಹೊರತೆಗೆದ. ಮಾಳವ್ವ ಕೈಯಿಂದ ಕಳೆ ಕೀಳಲು ಕುಳಿತಳು. ಬೆನ್ನು ಹಿಡಿದುಕೊಂಡರೂ ಏಳಲಿಲ್ಲ. ಕೊನೆಗೆ ಅವನೂ ನೇಗಿಲು ಒರಗಿಸಿ ಬಂದು ಅವಳ ಪಕ್ಕ ಕುಳಿತ.

ಮರುವರ್ಷ ಹುರುಳಿಯನ್ನು ದಟ್ಟವಾಗಿ ಚೆಲ್ಲಿದರು, ಕಳೆ ತಗ್ಗಿತು. ದೊಡ್ಡ ಮಳೆ ಬಂದಾಗ ಇಬ್ಬರೂ ಬದುವಿನ ಮೇಲೆ ನಿಂತು ನೋಡಿದರು. ನೀರು ಹೊಲ ದಾಟಲೇ ಇಲ್ಲ, ನೆಲ ಗುಟುಕು ಗುಟುಕಾಗಿ ಕುಡಿಯಿತು. ಹಳ್ಳ ತಿಳಿಯಾಗಿ ಹರಿಯಿತು.

ಬರಮಣ್ಣ ಹುರುಳಿ ಸೊಪ್ಪು ಸರಿಸಿ ಒಂದು ಹಿಡಿ ಮಣ್ಣೆತ್ತಿದ. ಕಪ್ಪಗೆ, ಮೆತ್ತಗೆ, ಮಳೆಯ ವಾಸನೆಯ ಮಣ್ಣು. ಅದರ ನಡುವೆ ಆ ಹುಳು.

“ನಿನ್ನ ಸೀರೆಯಂಚು ಇನ್ನೂ ಬಿಚ್ಚಿಲ್ಲ ನೋಡೇ,” ಎಂದ.

ಗಾಯ ಮಾಯ್ದಿದೆ, ಬಿಚ್ಚಲು ಮನಸ್ಸಿಲ್ಲ ಎಂದಿತು ಹುಳು. ತನ್ನ ಮಕ್ಕಳು ದೊಡ್ಡವರಾದ ಮೇಲೆ ಅವರಿಗೂ ಇಂಥದ್ದೇ ಬೇಕಂತೆ. ಮಾಳವ್ವ ನಗುತ್ತ ಹೂಂಗುಟ್ಟಿದಳು.

ಅದಕ್ಕೇ ಮಗು, ತರಗೆಲೆ ಸರಿಸಿದಾಗ ಸಿಗುವ ಬಲಿತ ಎರೆಹುಳುವಿನ ಕೊರಳಲ್ಲಿ ಇವತ್ತಿಗೂ ಒಂದು ಮಾಸಲು ಪಟ್ಟಿ ಕಾಣುತ್ತದೆ.