ಹಿಟ್ಟು ತಿಂದ ಗಾಳಿ

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ. ಬೆಟ್ಟಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಆಗಲೂ ದುಡಿದವರಿಗೆಲ್ಲ ಕೂಲಿ ಬೇಕಿತ್ತು. ಎತ್ತು ದುಡಿದು ಹುಲ್ಲು ಕೇಳುತ್ತಿತ್ತು. ಬೆಂಕಿ ದುಡಿದು ಸೌದೆ ಕೇಳುತ್ತಿತ್ತು, ಸಾಲದ್ದಕ್ಕೆ ಮನೆ ತುಂಬ ಹೊಗೆ ಬಿಟ್ಟು ಹೋಗುತ್ತಿತ್ತು. ಗಾಳಿ ಮಾತ್ರ ಏನೂ ಕೇಳುತ್ತಿರಲಿಲ್ಲ. ಬರುತ್ತಿತ್ತು, ದುಡಿಯುತ್ತಿತ್ತು, ಹೋಗುತ್ತಿತ್ತು.

ಒಂದು ಬೋಳುಗುಡ್ಡದ ಮೇಲೆ ಸಂಕವ್ವ ಎಂಬ ಮುದುಕಿ ಇದ್ದಳು. ಊರವರ ರಾಗಿಯನ್ನೆಲ್ಲ ಬೀಸಿಕೊಡುವುದು ಅವಳ ಕೆಲಸ. ಬೀಸಿ ಬೀಸಿ ಬಲಭುಜ ಸೋತುಹೋಗಿತ್ತು. ತಲೆ ಬಾಚಲೂ ಕೈ ಮೇಲೇಳುತ್ತಿರಲಿಲ್ಲ. ಒಂದು ದಿನ ಅವಳು ಉದ್ದನೆಯ ಬಿದಿರುಗಳುವಿನ ತುದಿಗೆ ಮೂರು ಮೊರ ಕಟ್ಟಿ, ಬೀಸುವ ಕಲ್ಲಿಗೆ ಹಗ್ಗ ಜೋಡಿಸಿದಳು. ಗಾಳಿ ಬಂದು ಮೊರಗಳನ್ನು ತಳ್ಳಿತು. ಕಲ್ಲು ತಾನಾಗಿ ತಿರುಗಿತು, ಹಿಟ್ಟು ಸುರಿಯಿತು. ಸಂಕವ್ವ ಕೈ ಕಟ್ಟಿಕೊಂಡು ಕೂತು ನೋಡಿದಳು. ಅಂಥ ಸುಖ ಅವಳು ಕಂಡಿರಲೇ ಇಲ್ಲ.

ಆದರೆ ಮಧ್ಯಾಹ್ನಕ್ಕೆ ಗಾಳಿ ಹೊರಟು ನಿಂತಿತು.

"ಇನ್ನೂ ಅರ್ಧ ಮೂಟೆ ಐತಲ್ಲೋ," ಅಂದಳು ಸಂಕವ್ವ. "ನಾಳೆ ಬತ್ತೀಯಾ?"

"ಬಂದ್ರೆ ಬಂದೆ, ಇಲ್ದಿದ್ರೆ ಇಲ್ಲ ಕಣವ್ವ," ಅಂದಿತು ಗಾಳಿ.

ನಾಲ್ಕು ದಿನ ಅದರ ಸುಳಿವೇ ಇಲ್ಲ. ನರಳುತ್ತಾ ಕಲ್ಲು ತಿರುಗಿಸುತ್ತಿದ್ದ ಸಂಕವ್ವನಿಗೆ ಉಪಾಯವೊಂದು ಹೊಳೆಯಿತು. ಯಾರ ಮನೆಯ ತುತ್ತು ತಿಂದರೋ ಅವರ ಅಂಗಳ ಬಿಟ್ಟು ಹೋಗಬಾರದು ಎಂಬುದು ಆ ಕಾಲದ ಕಟ್ಟಳೆ. ಎತ್ತು ಹಟ್ಟಿಯಲ್ಲೇ ಇರುವುದು ಅದಕ್ಕೇ. ಗಾಳಿಗೂ ಒಂದು ತುತ್ತು ತಿನ್ನಿಸಿದರೆ?

ಐದನೆಯ ದಿನ ಗಾಳಿ ಆಕಳಿಸುತ್ತಾ ಬಂತು. ಸಂಕವ್ವ ಅದರ ಬಾಯಿಗೆ ಒಂದು ಹಿಡಿ ರಾಗಿಹಿಟ್ಟು ಎರಚಿದಳು. ಗುಳುಂ.

"ಎಂಥ ಕೆಲ್ಸ ಮಾಡ್ಬಿಟ್ಟೆ ಸಂಕವ್ವ," ಅಂದಿತು ಗಾಳಿ. ಬೈಯಲಿಲ್ಲ. ಅಂಗಳದೊಳಗೇ ಸುತ್ತತೊಡಗಿತು.

ಹಗಲೂ ರಾತ್ರಿ ಕಲ್ಲು ತಿರುಗಿತು. ರಾಗಿ ಮುಗಿಯಿತು, ಜೋಳ ಮುಗಿಯಿತು. ಮೊರಗಳ ಬುರ್ರೆನ್ನುವ ಸದ್ದಿಗೆ ಕೋಳಿ ಮೊಟ್ಟೆ ಇಡುವುದನ್ನೇ ಮರೆಯಿತು. ಇರಲಿ ಬಿಡು ಅಂದುಕೊಂಡಳು ಸಂಕವ್ವ. ಅವಳ ಭುಜದ ನೋವು ಇಳಿದಿತ್ತು. ಎಷ್ಟೋ ವರ್ಷಗಳ ಮೇಲೆ ತನ್ನ ತಲೆಯನ್ನು ತಾನೇ ಬಾಚಿಕೊಂಡಿದ್ದಳು.

ಹಾಗಿರುವಾಗ ಹದ್ದೊಂದು ಇಲಿಯ ಮೇಲೆ ಕಣ್ಣಿಟ್ಟು ಕೆಳಗಿಳಿಯಿತು. ತಿರುಗುತ್ತಿದ್ದ ಮೊರ ರೆಕ್ಕೆಗೆ ಬಡಿದು ಹದ್ದು ಅಂಗಳಕ್ಕೆ ಬಿತ್ತು, ಇಲಿ ಮಾತ್ರ ಉಗುರಿಗೆ ಸಿಕ್ಕಿತ್ತು.

ಸಂಕವ್ವ ಓಡಿಬಂದು ಅರಿಶಿನ ಹಚ್ಚಿದಳು. "ಎದುರಿಗಿರೋದು ಕಾಣಲಿಲ್ವಾ ಹದ್ದಕ್ಕ?"

"ಬೇಟೆ ಹುಡುಕೋರು ಕೆಳಕ್ಕೆ ನೋಡ್ತಾರೆ ಕಣವ್ವ. ಎದುರಿಗೆ ಆಕಾಶ ಬಿಟ್ಟು ಇನ್ನೊಂದು ಇರ್ತದೆ ಅಂತ ನಮಗೇನು ಗೊತ್ತು?"

ಎದುರು ಬಂಡೆಯ ಗೂಡಿನಿಂದ ಹದ್ದಿನ ಮರಿ ಕೂಗಿತು. ಬೆಳಿಗ್ಗೆಯಿಂದ ಅದು ಏನೂ ತಿಂದಿರಲಿಲ್ಲ.

"ರೆಕ್ಕೆ ಬಿಡಿಸಬಲ್ಲೆ, ಬಡಿಯೋಕಾಗಲ್ಲ," ಅಂದಿತು ಹದ್ದು. "ಗಾಳಿ ಎತ್ತಿದ್ರೆ ತೇಲ್ಕೊಂಡು ಹೋದೇನು."

"ಎತ್ತುತಿದ್ದೆ. ಅಂಗಳ ದಾಟೋ ಹಂಗಿಲ್ವಲ್ಲ," ಅಂದಿತು ಗಾಳಿ.

ಸಂಕವ್ವ ಭುಜ ನೀವಿಕೊಂಡಳು. ಗಾಳಿಯನ್ನು ಬಿಟ್ಟರೆ ಮತ್ತೆ ಆ ಕಲ್ಲು, ಮತ್ತೆ ಆ ನೋವು. ಅವಳಿಗೆ ಭಯವಾಯಿತು. ಮರಿ ಮತ್ತೆ ಕೂಗಿತು, ಈ ಸಲ ಸಣ್ಣಗೆ. ಅವಳಿಗೆ ತಡೆಯಲಾಗಲಿಲ್ಲ. ಒಂದು ಮೊರ ಬಿಚ್ಚಿ ಗಾಳಿಯ ಮುಂದೆ ಹಿಡಿದಳು.

"ನನ್ನ ಹಿಟ್ಟು ನನಗೆ ಕೊಟ್ಬಿಡು. ನಿನಗೂ ನನಗೂ ಋಣ ಹರೀತು."

ಗಾಳಿ ಕೆಮ್ಮಿತು. ಒಂದು ಹಿಡಿ ಹಿಟ್ಟು ಮೊರಕ್ಕೆ ಬಿತ್ತು, ಒಂದು ಚಿಟಿಕೆಯೂ ಕಡಿಮೆ ಇರಲಿಲ್ಲ. ಮರುಗಳಿಗೆಯೇ ಗಾಳಿ ಹದ್ದನ್ನು ಎತ್ತಿಕೊಂಡು ಹೋಗಿ ಗೂಡಿಗೆ ಮುಟ್ಟಿಸಿತು.

ಸಂಕವ್ವ ಕಲ್ಲಿನ ಮುಂದೆ ಕೂತು ಬೀಸತೊಡಗಿದಳು. ಭುಜ ನೋಯಿತು.

ಎಂಟು ದಿನದ ಮೇಲೆ ಗಾಳಿ ಯಾರೂ ಕರೆಯದೆ ಬಂತು. ಸಂಕವ್ವ ಬಿಚ್ಚಿದ್ದ ಮೊರಕ್ಕೆ ಹದ್ದಿಗೆ ಕಾಣಲೆಂದು ಮಸಿ ಬಳಿದು ಮತ್ತೆ ಕಟ್ಟಿದಳು.

"ನಾನು ಬಂದ ದಿನ ನಾಲ್ಕು ದಿನದ್ದು ಬೀಸಿ ತುಂಬಿಟ್ಕೊ," ಅಂದಿತು ಗಾಳಿ.

"ಆಗಲಪ್ಪ. ಒಂದು ತುತ್ತು ಉಂಡು ಹೋಗು. ಕಟ್ಟಿ ಹಾಕೋಕಲ್ಲ, ಪ್ರೀತಿಗೆ."

"ಬ್ಯಾಡವ್ವ," ಅಂದು ಗಾಳಿ ಎರಡು ಹೆಜ್ಜೆ ಹಿಂದೆ ಸರಿಯಿತು.

ಇಂದಿಗೂ ಗುಡ್ಡದ ಮೇಲಿನ ದೊಡ್ಡ ಗಾಳಿಯಂತ್ರ ಒಂದು ದಿನ ತಿರುಗಿ ಮರುದಿನ ಸುಮ್ಮನೆ ನಿಲ್ಲುವುದು ಅದಕ್ಕೇ. ನಿಮ್ಮ ಅಂಗಳದ ಒಣ ಎಲೆ, ಧೂಳು, ಕಾಗದದ ಚೂರನ್ನೆಲ್ಲ ಎತ್ತಿಕೊಂಡ ಗಾಳಿ ನಾಲ್ಕು ಹೆಜ್ಜೆ ಹೋಗಿ ಎಲ್ಲವನ್ನೂ ಕೆಳಗಿಟ್ಟು ಬರಿಗೈಯಲ್ಲಿ ಹೊರಟುಹೋಗುವುದೂ ಅದಕ್ಕೇ.